ಮುಂದಿನ ಕೋಣೆಯಿಂದ ನಿಮ್ಮ ಕುರ್ಚಿ ತೆಗೀರಿ

ರೀ,

ಬೋರ್ಡು ಬರೆಯೋರ ಹತ್ರ ಹೋಗ್ತಿದ್ದೀನಿ. ಊಟ ಮುಚ್ಚಿಟ್ಟಿದೆ, ಬಿಸಿ ಮಾಡ್ಕೊಳ್ಳಿ.

ತೆರಿಗೆ ಕಚೇರಿಯಿಂದ ಫೋನ್ ಬಂದಿತ್ತು. ಮುಂದಿನ ಕೋಣೆ ನನ್ನ ಹೊಲಿಗೆ ಅಂಗಡಿ ಅಂತ ಒಪ್ಪಿಕೊಂಡಿದ್ದಾರೆ. ಇನ್ಮೇಲೆ ಅದರ ಬಾಡಿಗೆ, ಕರೆಂಟು ಎಲ್ಲಾ ವ್ಯಾಪಾರದ ಖರ್ಚು. ಕಟ್ಟಿದ ತೆರಿಗೆಯಲ್ಲೂ ಒಂದು ಪಾಲು ವಾಪಸ್ ಬರುತ್ತೆ. "ನಿನ್ನ ಟೈಂಪಾಸಿಗೆ ಎಂಥಾ ಲೆಕ್ಕ" ಅಂದಿದ್ರಲ್ಲ, ಈಗ ಹೇಳಿ.

ಅರ್ಜಿ ತುಂಬುವಾಗ ನೀವು ಕೋಣೇನ ಹೆಜ್ಜೆ ಹಾಕಿ ಅಳೆದು, "ಅರ್ಧ ಮನೆ ಅಂತ ಬರಿ, ಯಾರು ಬಂದು ನೋಡ್ತಾರೆ" ಅಂದ್ರಿ. ಹೋದ ವಾರ ನೀವು ಹೊರಗೆ ಹೋಗಿದ್ದಾಗ ತೆರಿಗೆ ಕಚೇರಿಯ ಆಫೀಸರಮ್ಮ ನೋಡೋಕೆ ಬಂದೇ ಬಿಟ್ರು. ಪುಣ್ಯಕ್ಕೆ ನಾನು ನಿಮ್ಮ ಮಾತು ಕೇಳಿರಲಿಲ್ಲ. ಹೊಲಿಗೆ ಟೇಪಲ್ಲಿ ಅಳೆದು, ನಿಮ್ಮ ಆರಾಮ ಕುರ್ಚಿ ಇರೋ ಮೂಲೆ ಬಿಟ್ಟು ಬರೆದಿದ್ದೆ. ಕುರ್ಚಿ ಹೊಲಿಗೆ ಕೆಲಸ ಮಾಡಲ್ವಲ್ಲ. ಆಯಮ್ಮ ನನ್ನ ಟೇಪೇ ಇಸ್ಕೊಂಡು ಅಳೆದ್ರು. ಒಂದಿಂಚೂ ಆಚೀಚೆ ಇರಲಿಲ್ಲ. "ಗಂಡನ ಕುರ್ಚಿ ಕಳೆದು ಲೆಕ್ಕ ಕೊಟ್ಟೋರನ್ನ ಇದೇ ಮೊದಲು ನೋಡ್ತಿರೋದು" ಅಂತ ನಕ್ರು.

ಮುಂದಿನ ವರ್ಷದ ಲೆಕ್ಕಕ್ಕೆ ಆ ಮೂಲೆಯೂ ಬೇಕು. ನಾನು ಬರೋದ್ರೊಳಗೆ ಕುರ್ಚಿ ಒಳಗೆ ಸಾಗಿಸಿ, ಅದರಡಿ ಇರೋ ಹಳೇ ಪೇಪರ್ ರಾಶಿ ಸಮೇತ. ಮುಖ ಊದಿಸ್ಕೋಬೇಡಿ. ಮಲಗೋ ಕೋಣೆ ಕಿಟಕಿ ಪಕ್ಕ ಜಾಗ ಮಾಡಿಟ್ಟಿದ್ದೀನಿ, ಗಾಳಿ ಚೆನ್ನಾಗಿ ಬರುತ್ತೆ.

ನಿಮ್ಮ ನೀಲಿ ಶರ್ಟಿನ ಸವೆದ ಕಾಲರ್ ತಿರುಗಿಸಿ ಹೊಲಿದು ಮೆಷಿನ್ ಮೇಲೆ ಇಟ್ಟಿದ್ದೀನಿ. ಬಿಲ್ಲು ಜೇಬಲ್ಲಿದೆ.