ಹದಿನೇಳನೇ ತಿರುವಿನ ಎರಡನೇ ಗೇರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ದೊರೆ,

ಲಕೋಟೆ ನೋಡಿದಾಗಲೇ ಈ ಅಕ್ಷರ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ನನ್ನದು ಕೋಳಿ ಕೆದರಿದ ಬರಹ ಎಂದು ಬೈದು ಲಾಗ್‌ಬುಕ್ಕನ್ನು ಯಾವಾಗಲೂ ನೀನೇ ಬರೆಯುತ್ತಿದ್ದೆ. ಹರಿದು ಹಾಕುವ ಮುಂಚೆ ಪೂರ್ತಿ ಓದು. ಆಮೇಲೆ ನಿನ್ನಿಷ್ಟ.

ನಾನೀಗ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ಅಂಗಡಿಯೊಂದರ ಮಹಡಿಯಲ್ಲಿ ಒಂದೇ ಕೋಣೆ ಹಿಡಿದಿದ್ದೇನೆ. ಹಗಲೆಲ್ಲ ಸುಟ್ಟ ರಬ್ಬರಿನ ವಾಸನೆ. ಮನೆ ತೋರಿಸಿದವನು ಅದಕ್ಕಾಗಿ ಬಹಳ ನೊಂದುಕೊಂಡ. ನಾನು ಅದಕ್ಕಾಗಿಯೇ ಒಪ್ಪಿಕೊಂಡೆ ಎಂದು ಅವನಿಗೆ ಹೇಳಲಿಲ್ಲ. ಮದುವೆಯಾಗಲಿಲ್ಲ. ತಿಂಗಳಲ್ಲಿ ಇಪ್ಪತ್ತೈದು ದಿನ ರಸ್ತೆಯಲ್ಲಿರುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ತಮಾಷೆ ಮಾಡುತ್ತಿದ್ದೆನಲ್ಲ, ತಮಾಷೆ ಮಾಡುತ್ತಲೇ ವಯಸ್ಸು ಕಳೆಯಿತು. ನನಗೆ ವಟವಟ ಎಂದು ಹೆಸರಿಟ್ಟವನು ನೀನು. ಈಗ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿರುವುದಿಲ್ಲ. ಅಂಗಡಿಯವನಿಗೆ ಅರ್ಧ ಲೀಟರ್ ಹಾಲು ಎನ್ನುವಾಗ ಗಂಟಲು ಕಿರುಗುಟ್ಟುತ್ತದೆ.

ಎರಡು ತಿಂಗಳ ಹಿಂದೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಹಲ್ಲಿನ ಡಾಕ್ಟರು. ಹಳೆಯ ಲಾರಿ, ಬಸ್ಸುಗಳ ಹುಚ್ಚಿರುವ ಹತ್ತು ಹನ್ನೆರಡು ಜನ ಸೇರಿ ಸಂಘ ಕಟ್ಟಿಕೊಂಡಿದ್ದಾರಂತೆ. ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್, ಇನ್ನೊಬ್ಬ ದರ್ಜಿ. ಆ ದರ್ಜಿ ಕಣ್ಣು ಮುಚ್ಚಿ ಕೂತು, ಹಾರ್ನ್ ಕೇಳಿದರೆ ಸಾಕು, ಯಾವ ಕಾಲದ ಬಸ್ಸು ಎಂದು ಹೇಳುತ್ತಾನೆ. ಅವರಿಗೆ ಇಟ್ಟಿಗೆ ಗೂಡಿನ ಹಿಂದೆ, ಎಂಜಿನ್ ಮುಂದಕ್ಕೆ ಚಾಚಿದ ನಮ್ಮ ಮೂತಿ ಲಾರಿ ಸಿಕ್ಕಿತು, ದೊರೆ. ಅದೇ ಲಾರಿ. ನೀನು ದಿನಾ ಬೆಳಗ್ಗೆ ನಿನ್ನ ಬೂಟು ಒರೆಸಿದ ಬಟ್ಟೆಯಲ್ಲೇ ಅದರ ಮೂತಿಯನ್ನೂ ಒರೆಸುತ್ತಿದ್ದೆಯಲ್ಲ, ಅದು. ಎರಡು ವರ್ಷ ಕೂತು ಅದನ್ನು ಓಡುವ ಹಾಗೆ ಮಾಡಿದ್ದಾರೆ. ಅದನ್ನು ಓಡಿಸಿದವರ ನೆನಪುಗಳನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ.

ನಿನಗೂ ಕರೆ ಕಳಿಸಿದ್ದರಂತೆ. ನೀನು ಬರೆದ ಕಾರ್ಡನ್ನು ಡಾಕ್ಟರಮ್ಮ ತೋರಿಸಿದರು. ಕಾಲು ನೋವು, ಬರಲಾಗದು; ಘಾಟಿಯ ಕಥೆಯನ್ನು ಅವನ ಬಾಯಲ್ಲೇ ಕೇಳಿ, ಚೆನ್ನಾಗಿ ಹೇಳುತ್ತಾನೆ ಎಂದು ಬರೆದಿದ್ದೆ. ಆ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅದು ಹೊಗಳಿಕೆಯೋ ಚುಚ್ಚಿದ್ದೋ ಇಂದಿಗೂ ತಿಳಿಯುತ್ತಿಲ್ಲ.

ಹೋದ ಭಾನುವಾರ ಸೇರಿದ್ದರು. ಶಾಲೆಯೊಂದರ ಮೈದಾನದಲ್ಲಿ ಆರು ಲಾರಿ, ಮೂರು ಬಸ್ಸು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಮೈಕು ಕೊಟ್ಟರು. ನಾನು ಶುರುಮಾಡಿದೆ. ವಿದ್ಯುತ್ ಕೇಂದ್ರಕ್ಕೆ ಒಯ್ಯಬೇಕಿದ್ದ ಉಕ್ಕಿನ ಚಕ್ರ, ಇಪ್ಪತ್ತೆರಡು ತಿರುವಿನ ಘಾಟಿ, ಮೂರು ದಿನದ ಏರು. ಒಬ್ಬ ಓಡಿಸುವುದು, ಇನ್ನೊಬ್ಬ ಹಿಂದಿನ ಚಕ್ರಕ್ಕೆ ಕೊಡುವ ಅಡ್ಡಮರ ಹಿಡಿದು ನಡೆಯುವುದು, ತಿರುವಿಗೊಮ್ಮೆ ಅದಲು ಬದಲು. ಹದಿನೇಳನೇ ತಿರುವಿನಲ್ಲಿ ಗೇರು ತಾನಾಗಿ ಕಳಚಿಕೊಂಡಿತು, ಲಾರಿ ಹಿಂದೆ ಸರಿಯಿತು, ನನ್ನ ಜೋಡಿ ಓಡಿಹೋಗದೆ ಅಡ್ಡಮರ ಒತ್ತಿದ, ಅವನ ಪಾದ ಅಪ್ಪಚ್ಚಿಯಾಯಿತು. ನಲವತ್ತಮೂರು ವರ್ಷದಿಂದ ಹೇಳಿದ ಕಥೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲ ಬಾಯಿಪಾಠ. ಜನ ಚಪ್ಪಾಳೆ ತಟ್ಟಿದರು.

ಆಗ ಡಾಕ್ಟರಮ್ಮ ನಗುತ್ತಾ ಎದ್ದರು. "ಯಜಮಾನ್ರೇ, ನನಗೊಂದು ಅನುಮಾನ. ಗೇರ್‌ಬಾಕ್ಸ್ ಬಿಚ್ಚಿದವಳು ನಾನೇ. ಬೋಲ್ಟ್ ತಲೆ ಮೇಲೆ ಕಾರ್ಖಾನೆ ಬಣ್ಣ ಹಾಗೇ ಇತ್ತು, ಅಂದ್ರೆ ಅದನ್ನ ಯಾರೂ ಮುಟ್ಟಿಲ್ಲ. ಒಳಗೆ ಒಂದು ಹಲ್ಲೂ ಸವೆದಿಲ್ಲ. ನನ್ನ ಹತ್ರ ಬರೋರಿಗೆಲ್ಲ ಅಂಥ ಹಲ್ಲಿದ್ದಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಿತ್ತು. ಅಂಥ ಗೇರು ಹೇಗೆ ಕಳಚ್ಕೊಳ್ತು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಳೇ ಗಾಡಿ, ಅದರ ಬುದ್ಧಿ ಯಾರಿಗೆ ಗೊತ್ತು ಎಂದು ಹಾರಿಸಿಬಿಟ್ಟೆ. ಆಕೆಗೆ ನನ್ನ ಮೇಲೆ ಸಂಶಯವಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳುವ ಆಸೆಯಿತ್ತು ಅಷ್ಟೆ. ಅದೇ ನನಗೆ ತಡೆಯಲಾಗಲಿಲ್ಲ.

ಆಮೇಲೆ ನನ್ನನ್ನು ಸೀಟಿಗೆ ಹತ್ತಿಸಿದರು. ಡಾಕ್ಟರಮ್ಮ ಪಕ್ಕದಲ್ಲಿ, ನಿನ್ನ ಜಾಗದಲ್ಲಿ ಕೂತರು. ಮೈದಾನಕ್ಕೆ ಒಂದು ಸುತ್ತು. ಒಂದರಿಂದ ಎರಡಕ್ಕೆ ಹಾಕುವಾಗ ಗೇರು ಗರ್‌ ಎಂದು ಅರಚಿತು. ಆ ಸದ್ದು ಕೇಳಿದ್ದೇ ಗಾಡಿ ನಿಲ್ಲಿಸಿದೆ. ಎಂಜಿನ್ ಆರಿಸಿದೆ.

"ಗೇರು ಕಳಚ್ಕೊಳ್ಳಲಿಲ್ಲ ಡಾಕ್ಟರಮ್ಮ," ಎಂದೆ. "ನಾನು ತಪ್ಪಿಸ್ದೆ."

ಅವರು ಪೆನ್ನು ತೆಗೆದು, "ಇದನ್ನ ಬರೀಲಾ?" ಎಂದರು.

"ಬರೀರಿ. ಮೊದಲಿನದನ್ನ ಹೊಡೆದು ಹಾಕಿ."

ದೊರೆ, ನಿನಗೆ ಇದು ಹೊಸದಲ್ಲ. ನೀನು ಲಾರಿಯ ಹಿಂದೆ ನಡೆಯುತ್ತಿದ್ದೆ, ಆ ಅರಚು ನಿನಗೆ ಕೇಳಿಸಿತ್ತು. ಆದರೂ ನನ್ನ ಕೈಯಿಂದ ನಿನಗೆ ತಲುಪಬೇಕು. ಆ ತಿರುವು ದಾಟುವಾಗ ಏರು ಒಂದಿಷ್ಟು ತಗ್ಗಿತ್ತು. ಮೇಲೆ ಕಂಪನಿಯ ಎಂಜಿನಿಯರೂ ಫೋಟೋ ತೆಗೆಯುವವನೂ ನಿಂತಿದ್ದರು. ಅವರೆದುರು ಆಮೆಯ ಹಾಗೆ ತೆವಳುವುದಕ್ಕೆ ನಾಚಿಕೆಯಾಯಿತು. ಎರಡನೇ ಗೇರಿಗೆ ಎಳೆದೆ. ಎರಡು ಸಲ ಕ್ಲಚ್ ತುಳಿಯಬೇಕಿತ್ತು, ಒಂದೇ ಸಲ ತುಳಿದೆ. ಎರಡನೇ ಗೇರೂ ಬೀಳಲಿಲ್ಲ, ಒಂದನೇದೂ ಮತ್ತೆ ಸಿಗಲಿಲ್ಲ. ಎರಡೂ ಕಾಲಿನಿಂದ ಬ್ರೇಕ್ ಒತ್ತಿದೆ, ಆ ಭಾರಕ್ಕೆ ಅದು ನಿಲ್ಲಲಿಲ್ಲ. ಅಷ್ಟೇ. ಓಡುತ್ತಿರುವ ಗಾಡಿಯನ್ನು ಬಿಚ್ಚುವುದೇಕೆ ಎಂದು ಮ್ಯಾನೇಜರ್ ಸುಮ್ಮನಾದರು, ನಾನು ಬಚಾವಾದೆ.

ಆಸ್ಪತ್ರೆಗೆ ಒಂದೇ ಸಲ ಬಂದಿದ್ದೆ. ನಿನ್ನ ಪಾದ ಹೊದಿಕೆಯೊಳಗೆ ಬೇರೆಯವರ ಪಾದದಂತೆ ದಪ್ಪಗಿತ್ತು. ಅತ್ತಿಗೆ ನೀರು ತರಲು ಹೊರಗೆ ಹೋದಾಗ ನೀನು ಮೆಲ್ಲಗೆ ಕೇಳಿದೆ: "ಎರಡಕ್ಕೆ ಹಾಕ್ದೆಯೇನೋ?" ನಾನು ಕಣ್ಣಲ್ಲಿ ಕಣ್ಣಿಟ್ಟು, "ಇಲ್ಲ ದೊರೆ, ಒಂದರಲ್ಲೇ ಇದ್ದೆ," ಎಂದೆ. ನೀನು ಗೋಡೆಯ ಕಡೆ ತಿರುಗಿ, "ಆಯ್ತು ಬಿಡು," ಎಂದೆ. ಬೈದಿದ್ದರೆ ಮರುದಿನವೂ ಬರುತ್ತಿದ್ದೆ. ಆ ಆಯ್ತು ಬಿಡು ನನ್ನನ್ನು ನಲವತ್ತಮೂರು ವರ್ಷ ದೂರ ಇಟ್ಟಿತು.

ನಿನ್ನನ್ನು ಹೆದ್ದಾರಿಯಲ್ಲಿ ಲಾರಿ ತೂಗುವ ಕಟ್ಟೆಯ ಕೆಲಸಕ್ಕೆ ಹಾಕಿದರೆಂದು ತಿಳಿಯಿತು. ಹನ್ನೊಂದು ವರ್ಷ ನಾನು ಆ ದಾರಿ ಬಿಟ್ಟು ಒಂಬತ್ತು ಮೈಲಿ ಸುತ್ತಿ ಹೋಗುತ್ತಿದ್ದೆ. ಬೇರೆ ಜೋಡಿಗಳನ್ನು ಕೊಟ್ಟರು. ಒಳ್ಳೆಯವರೇ. ಯಾರ ಪಕ್ಕದಲ್ಲೂ ನಿದ್ದೆ ಹತ್ತಲಿಲ್ಲ. ನೀನು ಓಡಿಸುವಾಗ ಗುಂಡಿಗೆ ಇಳಿದರೂ ಎಚ್ಚರಾಗುತ್ತಿರಲಿಲ್ಲ.

ಲಾರಿಯಿಂದಿಳಿದು ಮೈದಾನದಲ್ಲಿ ಎಲ್ಲರಿಗೂ ಗೇರಿನ ವಿಷಯ ಹೇಳಿದ ಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಪೋಸ್ಟ್‌ಮಾಸ್ಟರು, "ಅಷ್ಟು ಹಳೇದನ್ನ ಈಗ್ಯಾಕೆ ಕೆದಕ್ತೀರಿ," ಎಂದರು. ನನ್ನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತವರು ಬೇರೆ ಲಾರಿಗಳ ಕಡೆ ಹೋದರು. ದರ್ಜಿ ಮಾತ್ರ ಟೀ ತಂದು ಕೈಗಿಟ್ಟು ಪಕ್ಕದಲ್ಲಿ ಕೂತ. ಬಸ್ಸು ಹಿಡಿದು ಬಂದೆ. ಪಕ್ಕದ ಸೀಟು ಕೊನೆಯವರೆಗೂ ಖಾಲಿಯಿತ್ತು.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಕಾಲು ಈಗ ಹೇಗಿದೆ? ಅತ್ತಿಗೆ ಆರೋಗ್ಯವೇ? ನೀನು ಬೇಡ ಎಂದರೆ ಬರುವುದಿಲ್ಲ. ಏನೂ ಬರೆಯದಿದ್ದರೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೆ ಒಂದಿಷ್ಟು ಕೂತು ಹೋಗುತ್ತೇನೆ.

ನಿನ್ನ,
ವಟವಟ

ಮತ್ತೆ: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಬ್ರೇಕ್ ಒತ್ತಿದೆ ಎಂದೆನಲ್ಲ, ಅದು ಸುಳ್ಳು. ಲಾರಿ ಸರಿಯುತ್ತಲೇ ನಾನು ಬ್ರೇಕಿನಿಂದ ಕಾಲು ತೆಗೆದು ಬಾಗಿಲು ತೆರೆದೆ. ಒಂದು ಕಾಲು ಹೊರಗಿನ ಮೆಟ್ಟಿಲ ಮೇಲಿತ್ತು, ಹಾರುವವನಿದ್ದೆ. ನೀನು ಹಿಂದೆ ಇದ್ದೀಯ ಎಂದು ನನಗೆ ಗೊತ್ತಿತ್ತು. ಲಾರಿ ನಿಂತಿತು, ಹಾಗಾಗಿ ನಾನು ಒಳಗೆ ಉಳಿದೆ. ಹೇಳಿದ್ದರೆ ಡಾಕ್ಟರಮ್ಮ ಇದನ್ನೂ ಬರೆದುಕೊಳ್ಳುತ್ತಿದ್ದರು, ನಾನೇ ಹೇಳಲಿಲ್ಲ. ಇದು ಎಲ್ಲರಿಗಿಂತ ಮೊದಲು ನಿನ್ನ ಕಿವಿಗೆ ಬೀಳಬೇಕಿತ್ತು.