ಐದನೇ ರೋಲು ಮುಗಿದ ಮೇಲೆ

6-9-99, ಸೋಮವಾರ, ಬೆಳಿಗ್ಗೆ 7

ಕಿಕ್ಕೇರಿ ಮದುವೆಯ ಪ್ರಿಂಟು ಬಂತು. ಮತ್ತೆ ಅದೇ ಕಪ್ಪು ಪಟ್ಟಿ. ಹನ್ನೊಂದು ಫ್ರೇಮಿನಲ್ಲಿ ಗಂಡು ಇದ್ದಾನೆ, ಹೆಣ್ಣು ಇರಬೇಕಾದ ಕಡೆ ಕತ್ತಲೆ. ಕ್ಯಾಮೆರಾದೊಳಗಿನ ಪರದೆ ಅರ್ಧ ಓಡಿ ನಿಂತುಬಿಡುತ್ತದೆ. ಹದಿನಾಲ್ಕು ವರ್ಷ ದುಡಿದ ಕ್ಯಾಮೆರಾ ಬಾಡಿ. ಮೂರು ಸಲ ರಿಪೇರಿ ಮಾಡಿಸಿದೆ, ಈ ಸಲ ರಿಪೇರಿಯವನೇ ಕೈ ಮುಗಿದ. ಲೆನ್ಸ್ ಎರಡೂ ಚೆನ್ನಾಗಿವೆ. ಬಾಡಿ ಮಾತ್ರ ಬದಲಾಯಿಸಲೇಬೇಕು.

ಚೆಲುವಮ್ಮ ಕಾಫಿ ತಂದವಳು ಪ್ರಿಂಟು ನೋಡಿದಳು. ಗಂಡಿನ ಕಡೆಯವರಿಗೆ ಬೇಕಾದರೆ ಕೊಡಿ, ಹೆಣ್ಣಿನ ಕಡೆಯವರು ಬಂದಾಗ ಅಂಗಡಿ ಮುಚ್ಚಿ ಅಂದಳು. ಮದುವೆಯಾಗಿ ಹದಿನೆಂಟು ವರ್ಷ, ಇವಳ ನಾಲಿಗೆಗೆ ಮಾತ್ರ ರಿಪೇರಿಯೇ ಬೇಕಾಗಿಲ್ಲ.

9-9-99, ಸಂಜೆ

ತಾರೀಕಿನಲ್ಲಿ ಎಲ್ಲಾ ಒಂಬತ್ತು. ಇವತ್ತು ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವಂತೆ, ತಿಮ್ಮರಾಜು ಹೇಳಿದ. ಮೈಸೂರಿನಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದಾನೆ, ಊರು ಪಾಂಡವಪುರ. ನಾನು ಹೋದಾಗ ಅವನ ಅಂಗಡಿಯ ಕಂಪ್ಯೂಟರು ನೆಟ್ಟಗೇ ಇತ್ತು.

ಮೂರು ತೋರಿಸಿದ. ಒಂದು, ಸೆಕೆಂಡ್ ಹ್ಯಾಂಡ್ ಫಿಲ್ಮ್ ಬಾಡಿ. ಪೇಪರಿನ ಫೋಟೊಗ್ರಾಫರೊಬ್ಬ ಮಾರಿದ್ದು. ಕಬ್ಬಿಣದ ಹಾಗಿದೆ, ನನ್ನ ಲೆನ್ಸ್ ಎರಡೂ ಕೂರುತ್ತವೆ. ಇನ್ನೊಂದು ಡಿಜಿಟಲ್. ಫ್ಲಾಪಿ ಹಾಕುವುದು, ರೋಲೇ ಬೇಡ. ಮೂರನೆಯದು ಮ್ಯಾಗಜೀನಿನ ಚಿತ್ರ ಮಾತ್ರ — ಈ ವರ್ಷ ಬಂದಿರೋ ಡಿಜಿಟಲ್ ಬಾಡಿ, ಅದಕ್ಕೂ ನನ್ನ ಲೆನ್ಸ್ ಆಗುತ್ತದಂತೆ. ಬೆಲೆ ಓದಿದೆವು. ಆ ದುಡ್ಡಿಗೆ ನಮ್ಮ ಕೆ.ಆರ್. ಪೇಟೆಯಲ್ಲಿ ಮನೆ ಬರುತ್ತೆ. ಪುಟ ತಿರುಗಿಸಿದೆವು.

ಫ್ಲಾಪಿಯದರಲ್ಲಿ ತಿಮ್ಮರಾಜು ನನ್ನ ಫೋಟೊ ತೆಗೆದ. ಹಿಂದೆಯೇ ಸಣ್ಣ ಟೀವಿ ಥರ ಇದೆ, ಆ ಕ್ಷಣಕ್ಕೇ ಕಾಣಿಸಿತು. ಇಷ್ಟು ಮುದುಕನಾಗಿದ್ದೇನಾ... ಆಸೆಯಾಯಿತು, ಸುಳ್ಳು ಯಾಕೆ. ಆದರೆ ಪ್ರಿಂಟು ದೊಡ್ಡದು ಮಾಡಿದರೆ ಅಕ್ಕಿ ಚೆಲ್ಲಿದ ಹಾಗೆ ಒಡೆಯುತ್ತೆ. ಮೈಸೂರಲ್ಲೂ ಫ್ಲಾಪಿಯಿಂದ ಒಳ್ಳೆ ಪ್ರಿಂಟು ಹಾಕಿಕೊಡುವವರಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ತಿಮ್ಮರಾಜು ಹೇಳಿದ. "ಇದ್ರಲ್ಲಿ ಖಾಲಿ ಫ್ಲಾಷ್ ಒಡೆಯಕಾಗಕಿಲ್ಲ ಕಣ್ಲಾ. ಎಲ್ರೂ ಕ್ಯಾಮ್ರಾ ಇಂದುಕ್ ಬಂದು ತೋರ್ಸು ಅಂತಾರೆ."

ನಿಜ. ಗಂಡುಹೆಣ್ಣಿನ ಪಕ್ಕ ಫೋಟೊಗೆ ನಿಂತು ಮುಯ್ಯಿ ಮಾಡುವ ಸಾಲಿನಲ್ಲಿ ನಾನೂರು ಜನ. ಮದುವೆ ಮನೆಯವರು ಹೇಳಿರುವುದು ಐದೇ ರೋಲು. ರೋಲು ಮುಗಿದಿದೆ ಅಂದರೆ ನಿಂತವರಿಗೆ ಅವಮಾನ, ಕರೆದವರಿಗೆ ತಲೆ ತಗ್ಗಿಸುವ ಹಾಗೆ. ಅದಕ್ಕೆ ಫಿಲ್ಮ್ ಇಲ್ಲದೆಯೇ ಫ್ಲಾಷ್ ಹೊಡೆಯುತ್ತಾ ಹೋಗುವುದು. ಬೆಳಕು ಬಿದ್ದರೆ ಸಾಕು, ಕವರು ಕೊಟ್ಟು ಖುಷಿಯಾಗಿ ಊಟಕ್ಕೆ ಹೋಗುತ್ತಾರೆ. ನನಗೆ ಕೆಲಸ ಕಲಿಸಿದವರೂ ಹೀಗೇ ಮಾಡುತ್ತಿದ್ದರು, ಈ ಕಡೆಯ ಸ್ಟುಡಿಯೊದವರೆಲ್ಲ ಮಾಡುತ್ತಾರೆ. ಇದನ್ನು ಮೋಸ ಅಂತ ಒಂದು ದಿನವೂ ಅಂದುಕೊಂಡಿಲ್ಲ. ಮರ್ಯಾದೆ ಅಂತಲೇ ಅಂದುಕೊಂಡಿದ್ದೇನೆ.

ಹಾಗಾಗಿ ಫಿಲ್ಮ್ ಬಾಡಿಯೇ ವಾಸಿ. ಯೋಚನೆ ಮಾಡಿ ಹೇಳುತ್ತೇನೆ ಅಂದು ಬಂದೆ.

11-9-99, ಶನಿವಾರ

ಮಧ್ಯಾಹ್ನ ಹೊಸಹೊಳಲಿನ ಪುಟ್ಟತಾಯಮ್ಮ ಅಂತ ಒಬ್ಬರು ಬಂದರು. ಮೇ ತಿಂಗಳಲ್ಲಿ ಪಾಂಡವಪುರದ ಛತ್ರದಲ್ಲಿ ರಮ್ಯ ಅನ್ನುವ ಹುಡುಗಿಯ ಮದುವೆಗೆ ಫೋಟೊ ತೆಗೆದಿದ್ದೆ, ಆ ಹುಡುಗಿಯ ಸೋದರತ್ತೆ. ಗಂಡ ಬೋರಯ್ಯ ಆಷಾಢದಲ್ಲಿ ತೀರಿಕೊಂಡರಂತೆ, ಎದೆನೋವು. ಪಿತೃಪಕ್ಷದ ಅಮಾವಾಸ್ಯೆಗೆ ಎಡೆ ಇಡಬೇಕು, ಫೋಟೊ ಬೇಕು. ರಮ್ಯಳ ಆಲ್ಬಮ್ಮು ಪೂರ್ತಿ ನೋಡಿದ್ದಾರೆ, ಅದರಲ್ಲಿಲ್ಲ. ನನ್ನ ಹತ್ತಿರ ಉಳಿದಿರಬೇಕು ಅಂತ ಬಂದಿದ್ದಾರೆ.

ವೋಟಿನ ಕಾರ್ಡಿನಿಂದ ದೊಡ್ಡದು ಮಾಡಿಕೊಡುತ್ತೇನೆ ಅಂದೆ. ತಂದಿದ್ದರು, ತೋರಿಸಿದರು. ಕಣ್ಣೆಲ್ಲಿ ಮೂಗೆಲ್ಲಿ ಗೊತ್ತಾಗುವುದಿಲ್ಲ. ಅದು ಬೇಡವಂತೆ. ಅವರ ಮದುವೆಯಲ್ಲೂ ಫೋಟೊ ತೆಗೆಸಿರಲಿಲ್ಲವಂತೆ. ಮೂವತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಜೊತೆಗೆ ಫೋಟೊಗೆ ನಿಂತದ್ದು ರಮ್ಯಳ ಮುಯ್ಯಿಯಲ್ಲಿ ಮಾತ್ರ.

"ಬೆಳಕು ಬಿತ್ತು ಕಣಪ್ಪ. ಕಣ್ ಕುಕ್ತು ಅಂತ ಅವ್ರು ಬಯ್ದ್ರು ಬ್ಯಾರೆ. ಬಿದ್ ಮ್ಯಾಕೆ ಇರ್ಬೇಕಲ್ವಾ?"

ಹುಡುಕುತ್ತೇನೆ ಅಂದೆ.

12-9-99, ಭಾನುವಾರ

ರಮ್ಯಳ ಮದುವೆಯ ನೆಗೆಟಿವ್ ತೆಗೆದು ಕೂತೆ. ಐದು ರೋಲು, ಒಂದೊಂದು ಫ್ರೇಮೂ ಲೈಟಿಗೆ ಹಿಡಿದು. ಹುಡುಕುವ ಮೊದಲೇ ಗೊತ್ತಿತ್ತು, ಆದರೂ ಹುಡುಕಿದೆ. ಐದನೇ ರೋಲಿನ ಕೊನೇ ಫ್ರೇಮು ಗಂಡಿನ ಚಿಕ್ಕಪ್ಪ ಗೋಡೆ ಗಡಿಯಾರ ಕೊಡುತ್ತಿರುವುದು. ಅವರ ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಖಾಲಿ ಫ್ಲಾಷ್. ಎಪ್ಪತ್ತು ಜನ ಇದ್ದರೋ, ಎಂಬತ್ತೋ.

ಎರಡನೇ ರೋಲಿನಲ್ಲಿ ಪುಟ್ಟತಾಯಮ್ಮ ಕಳಸ ಹಿಡಿದು ನಿಂತಿದ್ದಾರೆ. ಬೋರಯ್ಯ ಎಲ್ಲೂ ಇಲ್ಲ, ಯಾರ ಹಿಂದೆಯೂ ಇಲ್ಲ, ಊಟದ ಪಂಕ್ತಿಯಲ್ಲೂ ಇಲ್ಲ. ಆ ಮನುಷ್ಯನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ.

13-9-99

ಗಣೇಶನ ಹಬ್ಬ. ಅಂಗಡಿ ಬಾಗಿಲು ತೆಗೆಯಲಿಲ್ಲ.

16-9-99, ಗುರುವಾರ

ಪುಟ್ಟತಾಯಮ್ಮ ಮತ್ತೆ ಬಂದರು. ಹೇಳಿಬಿಡಬೇಕು ಅಂತಲೇ ಇದ್ದೆ. ಬಾಯಿಗೆ ಬಂದದ್ದು — ನೆಗೆಟಿವ್ ಮೈಸೂರಿನ ಲ್ಯಾಬಿನಲ್ಲಿದೆ, ತರಿಸುತ್ತೇನೆ. ಮುಖ ಅರಳಿತು ಅವರದು. ಸೆರಗಿನೊಳಗಿಂದ ಎರಡು ಅಚ್ಚು ಬೆಲ್ಲ ತೆಗೆದು ಟೇಬಲ್ ಮೇಲಿಟ್ಟು ಹೋದರು. ಬೇಡ ಅನ್ನುವ ಧೈರ್ಯವೂ ಇರಲಿಲ್ಲ. ನಾಚಿಕೆಯಾಗುತ್ತಿದೆ, ಇದನ್ನು ಬರೆಯುವುದಕ್ಕೂ.

27-9-99, ಸೋಮವಾರ

ಹತ್ತು ದಿನ ಬರೆದಿಲ್ಲ. ಪಕ್ಷ ಶುರುವಾಯಿತು. ಇನ್ನು ಮದುವೆಗಳಿಲ್ಲ, ಕ್ಯಾಮೆರಾಕ್ಕೂ ಅವಸರವಿಲ್ಲ.

ಇವತ್ತು ಒಂದು ಕೆಲಸ ಮಾಡಿದೆ. ವೋಟಿನ ಕಾರ್ಡನ್ನು ಪುಟ್ಟತಾಯಮ್ಮ ಬಂದ ಮೊದಲ ದಿನವೇ ಕಾಪಿ ತೆಗೆದಿಟ್ಟುಕೊಂಡಿದ್ದೆ. ಆ ಮುಖ ದೊಡ್ಡದು ಮಾಡಿ, ಕಣ್ಣು ಹುಬ್ಬು ಪೆನ್ಸಿಲಿನಲ್ಲಿ ತಿದ್ದಿ, ಸಾಲಿನಲ್ಲಿದ್ದ ಬೇರೆ ಯಾರದೋ ಮೈಗೆ ಕೂಡಿಸಿದೆ. ಪಕ್ಕದಲ್ಲಿ ಕಳಸದ ಫ್ರೇಮಿನ ಪುಟ್ಟತಾಯಮ್ಮ. ಮೂರು ಗಂಟೆ ಹಿಡಿಯಿತು. ಒಳ್ಳೆ ಕೆಲಸ, ನನ್ನ ಕೈ ಬಗ್ಗೆ ನನಗೇ ಹೆಮ್ಮೆಯಾಯಿತು. ಅವತ್ತು ತೆಗೆದದ್ದೇ ಇದು ಅಂತ ಕೊಟ್ಟುಬಿಡುವುದು, ಮುಗಿಯಿತು.

ಚೆಲುವಮ್ಮನಿಗೆ ತೋರಿಸಿದೆ. ಅವಳಿಗೆ ಎಲ್ಲ ಗೊತ್ತು, ನಾನು ಹೇಳದೆ ಇದ್ದರೂ. ಬೆಳಕಿಗೆ ಹಿಡಿದು ನೋಡಿದಳು.

"ಮೈ ಬ್ಯಾರೆಯವ್ರದು ಅಂತ ಎಂಡ್ತಿಗೆ ಗೊತ್ತಾಗಕಿಲ್ವಾ?"

ಹರಿದು ಹಾಕಿದೆ.

2-10-99, ಶನಿವಾರ

ತಿಮ್ಮರಾಜು ಫೋನ್ ಮಾಡಿದ್ದ. ಆ ಫಿಲ್ಮ್ ಬಾಡಿಯನ್ನು ನಾಗಮಂಗಲದ ಸ್ಟುಡಿಯೊದವನೊಬ್ಬ ಬಂದು ನೋಡಿಹೋದನಂತೆ. ವಾರದೊಳಗೆ ಹೇಳಬೇಕು. ಅದು ಬೇಡವಾದರೆ ಡಿಜಿಟಲನ್ನು ಕಂತಿನಲ್ಲಿ ಕೊಡುತ್ತಾನಂತೆ. ನನಗೆ ಬೇಕಾಗಿರುವುದು ಮೇ ತಿಂಗಳಿನ ಒಂದು ಫ್ರೇಮು, ಅದಿದೆಯಾ ಅಂಗಡಿಯಲ್ಲಿ ಅಂತ ಕೇಳಬೇಕು ಅನ್ನಿಸಿತು. ಆಯ್ತು ನೋಡೋಣ ಅಂದೆ.

5-10-99, ಮಂಗಳವಾರ, ಸಂಜೆ 6

ಹೊಸಹೊಳಲಿಗೆ ಹೋಗಿದ್ದೆ. ಹೇಳಿದೆ.

ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದರು. ಲ್ಯಾಬಿಂದ ಬಂತಾ ಅಂತ ಎದ್ದೇಬಿಟ್ಟರು. ಕೂರಿ ಅಮ್ಮ ಅಂದೆ. ರೋಲು ಮುಗಿದಿತ್ತು, ನಿಮಗೆ ಬಿದ್ದದ್ದು ಬರೀ ಬೆಳಕು, ಲ್ಯಾಬಿನ ಮಾತು ಸುಳ್ಳು — ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎಲ್ಲರೂ ಹೀಗೇ ಮಾಡುತ್ತಾರೆ ಅಂತಲೂ ಸೇರಿಸಿದೆ. ಅದನ್ನು ಯಾಕೆ ಸೇರಿಸಿದೆನೋ.

ಬಯ್ಯುತ್ತಾರೆ ಅಂದುಕೊಂಡಿದ್ದೆ. ಮೊರ ಕೆಳಗಿಟ್ಟರು. ಆಮೇಲೆ ಕೇಳಿದರು, "ರೀಲು ಇಲ್ದಿದ್ರೆ ಓಗ್ಲಿ. ನೀನು ಆ ಕ್ಯಾಮ್ರಾ ಕಿಂಡೀಲಿ ನೋಡ್ದಲ್ಲ. ನಗ್ತಿದ್ರಾ ಅವ್ರು? ನಾನು ಮುಂದುಕ್ ನೋಡ್ಕೊಂಡು ನಿಂತಿದ್ದೆ, ಕಾಣ್ಲಿಲ್ಲ."

ಹೌದು, ನಗುತ್ತಿದ್ದರು ಅಂದಿದ್ದರೆ ಆಗುತ್ತಿತ್ತು. ಅಷ್ಟೇ ತಾನೆ ಬೇಕಾಗಿದ್ದದ್ದು. ಆದರೆ ಖಾಲಿ ಕ್ಯಾಮೆರಾದಲ್ಲಿ ಯಾರು ಕಣ್ಣಿಡುತ್ತಾರೆ? ಎದೆ ಮಟ್ಟಕ್ಕೆ ಹಿಡಿದು ಒತ್ತುತ್ತಾ ಹೋಗುವುದು, ಕಣ್ಣು ಸಾಲು ಇನ್ನೆಷ್ಟಿದೆ ಅಂತ ನೋಡುತ್ತಿರುತ್ತದೆ. ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ನೋಡಲಿಲ್ಲ ಅಮ್ಮ ಅಂದೆ.

ಆಗ ಅತ್ತರು. ಸೆರಗು ಬಾಯಿಗೆ ಹಿಡಿದು.

"ಕಳ್ದೋಯ್ತು ಅನ್ಬಾರ್ದಾಗಿತ್ತೇನಪ್ಪ ನೀನು. ಎಲ್ಲೋ ಐತೆ ಅನ್ಕೊಂಡಿರ್ತಿದ್ದೆ."

ಬಸ್ಸಿಗೆ ಕಾಯಲಿಲ್ಲ. ಕೆ.ಆರ್. ಪೇಟೆಗೆ ನಡೆದುಕೊಂಡೇ ಬಂದೆ. ನಿಜ ಹೇಳಿದ್ದು ಅವರಿಗಾಗಿಯೋ, ನನ್ನ ಎದೆಯ ಭಾರ ಇಳಿಯಲಿ ಅಂತಲೋ... ದಾರಿಯುದ್ದಕ್ಕೂ ಇದೇ.

7-10-99, ಗುರುವಾರ, ರಾತ್ರಿ ಊಟಕ್ಕೆ ಮುಂಚೆ

ನಿನ್ನೆಯೆಲ್ಲ ಡಿಜಿಟಲೇ ಸರಿ ಅನ್ನಿಸುತ್ತಿತ್ತು. ಅವತ್ತು ಅದಿದ್ದಿದ್ದರೆ ಬೋರಯ್ಯ ಹಿಂದೆ ಬಂದು ತನ್ನ ಮುಖ ತಾನೇ ನೋಡಿಕೊಂಡಿರುತ್ತಿದ್ದರು, ಹೆಂಡತಿಯೂ ನೋಡಿರುತ್ತಿದ್ದರು. ಪ್ರಿಂಟು ಒಡೆದರೆ ಒಡೆಯಲಿ. ತಿಮ್ಮರಾಜು ತೊಂದರೆ ಅಂದದ್ದೇ ಅದರ ಒಳ್ಳೆಯತನ. ಫೋನ್ ಮಾಡಲು ಎಸ್‌ಟಿಡಿ ಬೂತಿನವರೆಗೂ ಹೋದೆ. ಯಾರೋ ಮಾತಾಡುತ್ತಿದ್ದರು, ಬೆಂಚಿನ ಮೇಲೆ ಕೂತೆ.

ಕೂತಲ್ಲಿ ಹೊಳೆಯಿತು. ಸುಳ್ಳು ಹೇಳಿದ್ದು ಕ್ಯಾಮೆರಾ ಅಲ್ಲವಲ್ಲ. ನಾನು ನೆಟ್ಟಗಿರಲಿ ಅಂತ ಒಂದು ಮೆಷಿನ್ ಕಾವಲು ಇಟ್ಟುಕೊಳ್ಳುವುದಾ? ರೋಲು ಮುಗಿದರೆ ಮುಗಿಯಿತು ಅನ್ನಬೇಕು, ಬಾಯಿ ಇದೆಯಲ್ಲ. ಅಥವಾ ನನ್ನ ಕಾಸಲ್ಲಿ ಇನ್ನೊಂದು ರೋಲು ಇಟ್ಟುಕೊಂಡು ಹೋಗಬೇಕು. ಬೂತು ಖಾಲಿಯಾದ ಮೇಲೆ ಫೋನ್ ಮಾಡಿ ಫಿಲ್ಮ್ ಬಾಡಿಯೇ ಕೊಡು ಅಂದೆ. ಲೆನ್ಸೂ ಆಗುತ್ತವೆ. ತಿಮ್ಮರಾಜುಗೆ ಖುಷಿ. ಖಾಲಿ ಫ್ಲಾಷ್ ಒಡೆಯಕೆ ಇದೇ ಸರಿ ಬುಡು ಅಂದ. ಫೋನ್ ಇಟ್ಟೆ. ನಾಳೆ ಹೋಗಿ ತರಬೇಕು.

9-10-99, ಶನಿವಾರ, ಅಮಾವಾಸ್ಯೆ

ಬೆಳಿಗ್ಗೆ ರಮ್ಯಳ ತಮ್ಮ ಸಂತೋಷ್ ಸೈಕಲ್ಲಿನಲ್ಲಿ ಬಂದ. ಅತ್ತೆ ಕರೆಯುತ್ತಾರೆ, ಕ್ಯಾಮೆರಾ ತಗೊಂಡು ಬರಬೇಕಂತೆ ಅಂದ. ಯಾಕೆ ಅಂದರೆ ಅವನಿಗೂ ಗೊತ್ತಿಲ್ಲ. ನಿನ್ನೆ ತಂದ ಕ್ಯಾಮೆರಾಕ್ಕೆ ಲೆನ್ಸ್ ಹಾಕಿ, ರೋಲು ತುಂಬಿಕೊಂಡು ಹೊರಟೆ.

ಎಡೆ ಇಟ್ಟಿದ್ದರು. ಬಾಳೆ ಎಲೆ ತುಂಬ ಅಡುಗೆ, ಬೀಡಿ ಕಟ್ಟು, ಎಲೆ ಅಡಿಕೆ. ಪಕ್ಷಕ್ಕೆ ಹೊಸ ಬಟ್ಟೆ ಇಡುತ್ತಾರಲ್ಲ, ಇವರು ಇಟ್ಟಿದ್ದು ಹೊಸದಲ್ಲ. ಫೋಟೊ ಇರಬೇಕಾದ ಜಾಗದಲ್ಲಿ, ಮಣೆಯ ಮೇಲೆ, ಒಂದು ನೀಲಿ ಅಂಗಿ. ಮಡಿಚಿರಲಿಲ್ಲ. ಗುಂಡಿ ಹಾಕಿ, ತೋಳು ಸರಿಮಾಡಿ ಗೋಡೆಗೆ ಒರಗಿಸಿದ್ದರು.

"ಅವತ್ತು ಆಕಿದ್ದು ಇದೇಯ. ಇದ್ನಾರ ತೆಗಿ," ಅಂದರು ಪುಟ್ಟತಾಯಮ್ಮ. ಕೋಪವಿರಲಿಲ್ಲ ದನಿಯಲ್ಲಿ, ನನಗೆ ಅದೇ ಜಾಸ್ತಿಯಾಯಿತು. ಆಮೇಲೆ ಬಂದು ಅಂಗಿಯ ಪಕ್ಕ ನಿಂತುಕೊಂಡರು. ಭುಜಕ್ಕೆ ಭುಜ ಸರಿಯಾಗಲಿ ಅಂತ ಸ್ವಲ್ಪ ಬಗ್ಗಿ, ಕೊನೆಗೆ ನೆಲದ ಮೇಲೇ ಕೂತರು.

"ಈಗ ನೋಡಿ ತೆಗಿ."

ಕಣ್ಣಿಟ್ಟೆ. ಫೋಕಸ್ ಮಾಡಲು ಆಗಲಿಲ್ಲ, ಕಣ್ಣು ಒರೆಸಿಕೊಂಡು ಮತ್ತೆ ಇಟ್ಟೆ. ಬೋರಯ್ಯ ಅಗಲ ಎದೆಯ ಮನುಷ್ಯ. ಕಾಲರು ಹಿಂದೆ ಸವೆದಿದೆ. ಜೇಬಿನಲ್ಲಿ ಬೀಡಿಯ ಕಿಡಿ ಬಿದ್ದ ತೂತು. ಮೇಲಿನಿಂದ ಎರಡನೇ ಗುಂಡಿ ಬೇರೆ, ಬಿಳಿಯದು, ಕೆಂಪು ದಾರದಲ್ಲಿ ಹೊಲಿದಿದ್ದಾರೆ. ಅದರ ಮೇಲೆ ಪುಟ್ಟತಾಯಮ್ಮನ ಕೈ ಹೋಗಿ ನಿಂತಿತು. ಆಗ ಒತ್ತಿದೆ, ಹೊಸ ರೋಲಿನ ಮೊದಲ ಫ್ರೇಮು.