ಕೆಂಪು ಗುರುತು ಬಿದ್ದ ಮಗು

ಗುರುವಾರ ಮಧ್ಯಾಹ್ನ, ಅಂಗಡಿಯಿಂದ

ನನ್ನ ಮುದ್ದಿನ, ಇವತ್ತಿನ ಮಟ್ಟಿಗೆ ಮುದ್ದಿಲ್ಲದ ಮಗಳಿಗೆ,

ಅಮ್ಮನ ಆಶೀರ್ವಾದ ಎಂದಿನಂತೆ ಇದೆ. ಸಿಟ್ಟು ಮಾತ್ರ ಹೊಸದು. ಫೋನಿನಲ್ಲಿ ಬೈಯೋಣವೆಂದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಆಡಿರುತ್ತೀಯ. ಕಾಗದದ ಮಧ್ಯೆ ನಿನಗೆ ಬಾಯಿ ಹಾಕಲು ಬರುವುದಿಲ್ಲ. ಕುಳಿತು ಪೂರ್ತಿ ಓದು.

ನಮ್ಮ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಕೊಂಡು ಒಂದು ಬೇಕರಿ ಬಂದಿದೆ. ನೀನು ಕೆಲಸಕ್ಕೆಂದು ಹೋದ ಮೇಲೆ ಬಂದವರು. ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲಾದಲ್ಲಿ, ಆರು ವರ್ಷದ ಮಗಳು ನನ್ನ ಬಟ್ಟೆಚೂರುಗಳ ಮಧ್ಯೆ. ವಟವಟ ನಿಲ್ಲುವುದೇ ಇಲ್ಲ. ಅದಕ್ಕೇ ನಾನಿಟ್ಟ ಹೆಸರು ರೇಡಿಯೋ. ಹುಟ್ಟಿದಾಗಿನಿಂದ ಹೃದಯದಲ್ಲಿ ತೂತು, ಉಗುರೆಲ್ಲ ನೀಲಿ. ಸ್ವಲ್ಪ ಓಡಿದರೆ ಸಾಕು, ತುಟಿ ನೀಲಿಗಟ್ಟಿ ಅಲ್ಲೇ ಕುಕ್ಕರಿಸುತ್ತದೆ. ಮುಂದಿನ ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದಿದ್ದಾರೆ ಡಾಕ್ಟರು. ಅವರ ಕೈಯಲ್ಲಿ ಅಷ್ಟು ಹಣವಿಲ್ಲ. ಅದಕ್ಕೇ ನೆರವು ಕೇಳಿ ಮೊಬೈಲಿನಲ್ಲಿ ಮನವಿ ಹಾಕಿದರು.

ಸೋಮವಾರ, ಮೊಬೈಲಿನಲ್ಲಿ ಬಂದದ್ದು ನಿಜವೋ ಸುಳ್ಳೋ ಎಂದು ಹೇಳುವ ನಿನ್ನ ಪುಟ ಅದರ ಮೇಲೆ ಕೆಂಪು ಗುರುತು ಒತ್ತಿ, ಇದು ಸುಳ್ಳು, ಯಾರೂ ಮೋಸ ಹೋಗಬೇಡಿ ಎಂದು ಸಾರಿತು. ಅಲ್ಲಿಗೆ ಕೊಡುವವರ ಕೈ ನಿಂತಿತು. ಆ ಪುಟ ನಿನ್ನದೆಂದು ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಜನರನ್ನು ಎಚ್ಚರಿಸುವುದು ಒಳ್ಳೆಯ ಕೆಲಸ, ಬೇಡ ಎನ್ನುವುದಿಲ್ಲ. ಆದರೆ ನೀನು ಕೊಟ್ಟವೂ ಕಾರಣಗಳೇ? ಫೋಟೊದಲ್ಲಿ ಮಗು ನಗುತ್ತಿದೆಯಂತೆ. ಕಾಯಿಲೆಯ ಮಗು ನಗಬಾರದೆಂದು ಯಾವ ಕಾನೂನಿದೆ? ಅಳಿಸಿ ಫೋಟೊ ತೆಗೆಯಲು ಅದರ ಅಪ್ಪನಿಗೆ ಮನಸ್ಸಾಗಲಿಲ್ಲ, ಅಷ್ಟೇ. ಒಲೆ ಕೆಲಸದವನಿಗೆ ಇಷ್ಟು ಅಚ್ಚುಕಟ್ಟಾಗಿ ಬರೆಯಲು ಬರುವುದಿಲ್ಲ, ಯಾರದೋ ಪಳಗಿದ ಕೈಗೆ ದುಡ್ಡು ಕೊಟ್ಟು ಬರೆಸಿದ್ದಾರೆ ಎಂದೂ ಹೇಳಿದ್ದೀಯ. ಬಡವರ ಕಷ್ಟ ನಿಜವಾಗಬೇಕಾದರೆ ಕಾಗುಣಿತವೂ ತಪ್ಪಿರಬೇಕೇ?

ಇನ್ನು ಅದೇ ಫೋಟೊ ಮತ್ತೊಂದು ಮನವಿಯಲ್ಲಿ ಬೇರೆ ಹೆಸರಿನಲ್ಲಿದೆ, ಹಾಗಾಗಿ ಬೇಕರಿಯವರೇ ಕಳ್ಳರು ಎಂಬ ತೀರ್ಪು. ಕದ್ದವರು ಆ ಇನ್ನೊಬ್ಬರು ಕಣೇ! ಇವರ ಮಗುವಿನ ಮುಖ ಎತ್ತಿಕೊಂಡು, ಗೋಳಿನ ಸಂಗೀತ ಸೇರಿಸಿ, ಡಾಕ್ಟರ ಪತ್ರ ಅಂಟಿಸಿ, ಸೀಲು ಹೊಡೆದರು. ಸೀಲು ಕಂಡದ್ದೇ ತಡ, ನೀನು ಅದಕ್ಕೆ ನಿಜವೆಂದು ಹಸಿರು ಗುರುತು ಕೊಟ್ಟೆ. ಆ ಪತ್ರದಲ್ಲಿದ್ದ ಆಸ್ಪತ್ರೆಗೆ ನಾನು ಫೋನ್ ಮಾಡಿ ಕೇಳಿದೆ. ಆ ಹೆಸರಿನ ಡಾಕ್ಟರು ಅಲ್ಲಿ ಯಾವತ್ತೂ ಇರಲಿಲ್ಲವಂತೆ. ಬೇಕರಿಯವರ ಮನವಿಯ ಕೆಳಗೂ ನಂಬರಿತ್ತಲ್ಲ, ಒಂದು ಸಲ ಮಾತಾಡಿಸಬಾರದಿತ್ತೇ? ಮಾತಾಡಿದರೆ ಮನಸ್ಸು ಕರಗಿ ತೀರ್ಪು ಕೆಡುತ್ತದೆ, ಆದ್ದರಿಂದ ಮಾತಾಡಬಾರದು ಎಂಬುದು ನಿಮ್ಮ ಪುಟದ ನಿಯಮವಂತೆ. ಬೆಂಕಿ ಬೀಳಲಿ ಆ ನಿಯಮಕ್ಕೆ.

ನಿನ್ನೆ ನಡೆದದ್ದನ್ನು ಕೇಳು. ದಿನಾ ಬ್ರೆಡ್ ಒಯ್ಯುವ ಹೆಂಗಸೊಬ್ಬಳು ನಿನ್ನ ಕೆಂಪು ಗುರುತನ್ನು ಬೇಕರಿಯವಳ ಮುಖಕ್ಕೆ ಹಿಡಿದು, ಮಗೂನ ತೋರಿಸಿ ದುಡ್ಡು ಎತ್ತೋದಕ್ಕೆ ನಾಚಿಕೆ ಆಗಲ್ವಾ ಅಂದಳು. ನಾಲ್ಕು ಜನ ಗಿರಾಕಿಗಳು ನೋಡುತ್ತಿದ್ದರು. ಬೇಕರಿಯವಳು ನನ್ನ ಅಂಗಡಿಯಿಂದ ಮಗಳನ್ನು ಎತ್ತಿಕೊಂಡು ಹೋಗಿ ಗಲ್ಲಾದ ಮೇಲೆ ಕೂರಿಸಿ, ಉಗುರು ತೋರಿಸಮ್ಮ ಅಂದಳು. ರೇಡಿಯೋಗೆ ಏನು ಗೊತ್ತು? ತನ್ನನ್ನು ಹೊಗಳುತ್ತಾರೆಂದು ನೀಲಿ ಉಗುರಿನ ಹತ್ತೂ ಬೆರಳು ಬಿಡಿಸಿ ಎಲ್ಲರಿಗೂ ತೋರಿಸಿತು. ನಾನೇನೂ ಪೇಂಟ್ ಹಚ್ಚಿಲ್ಲ, ಇದು ತಾನಾಗೇ ಆಗಿರೋದು ಅಂತ ಹೆಮ್ಮೆ ಬೇರೆ. ಒಬ್ಬ ತಾಯಿಗೆ ಆ ಗತಿ ತಂದವಳು ನನ್ನ ಮಗಳಲ್ಲವೇ!

ಕೆಂಪು ಗುರುತು ತೆಗೆದರೆ ಮಾತ್ರ ಸಾಲದು. ಸುಳ್ಳು ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದೆಯೋ, ತಪ್ಪಾಯಿತು ಎಂದೂ ಅಷ್ಟೇ ದೊಡ್ಡದಾಗಿ ಬರೆ. ಕಳ್ಳರ ಮೇಲೆ ದೂರು ಕೊಡು. ಆಮೇಲೆ ಬಂದು ಆ ಗಲ್ಲಾದ ಮುಂದೆ ನಿಂತು ಕ್ಷಮೆ ಕೇಳು. ಜೊತೆಗೆ ನಾನೂ ನಿಲ್ಲುತ್ತೇನೆ.

ಬೈದರೂ ನಿನ್ನವಳೇ ಆದ,
ಅಮ್ಮ

ತಾ.ಕ.: ಇದನ್ನು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನೀನು ಹೇಳಿದ ಆ ಪಳಗಿದ ಕೈ ನನ್ನದು. ದುಡ್ಡೇನೂ ತೆಗೆದುಕೊಳ್ಳಲಿಲ್ಲ. ಮೊದಲೇ ಹೇಳಿದರೆ, ಅಮ್ಮನ ಮಾತಿಗೆ ಹಸಿರು ಗುರುತು ಕೊಟ್ಟಳು ಎಂದು ಜನ ನಿನ್ನನ್ನು ಆಡಿಕೊಳ್ಳುತ್ತಾರೆಂದು ಸುಮ್ಮನಿದ್ದೆ. ನಿಜವನ್ನೇ ಬರೆದಿದ್ದೇನೆ, ನನ್ನ ಮಗಳಿಗೆ ತಿಳಿಯದೆ ಹೋಗುತ್ತದೆಯೇ ಎಂದುಕೊಂಡಿದ್ದೆ.